ಹಾಲು ಮುಟ್ಟಿ ಇಟ್ಟ ಆಣೆ

ಹುಣಸೆಕೊಪ್ಪಲು, ಬಾಗೂರು ಹೋಬಳಿ
ಚನ್ನರಾಯಪಟ್ಟಣ ತಾಲ್ಲೂಕು
9 ಫೆಬ್ರವರಿ 2025, ಭಾನುವಾರ

ಚಿ. ಸೌ. ದೀಪಶ್ರೀಗೆ,

ನಿನ್ನ ಅತ್ತೆ ಮನಸಾರೆ ಹರಸಿ ಬರೆಯುತ್ತಿರುವ ಕಾಗದ. ದಿನ ಬಿಟ್ಟು ದಿನ ಫೋನಿನಲ್ಲಿ ಮಾತಾಡುವವಳಿಂದ ಅಂಚೆಯಲ್ಲಿ ಲಕೋಟೆ ಬಂದರೆ ನಿನಗೆ ಗಾಬರಿಯಾಗಬಹುದು. ಗಾಬರಿ ಬೇಡ, ಇಲ್ಲಿ ಯಾರಿಗೂ ಏನೂ ಆಗಿಲ್ಲ. ನಿನ್ನ ಮಾವನವರ ಮಂಡಿನೋವು ಇದ್ದ ಹಾಗೇ ಇದೆ, ಬಾಯಿಯೂ ಇದ್ದ ಹಾಗೇ ಇದೆ. ಪ್ರಸನ್ನ ಬೆಳಿಗ್ಗೆ ಎಂಟಕ್ಕೆ ಪಟ್ಟಣದ ಪಂಪ್‌ಸೆಟ್ ಅಂಗಡಿಗೆ ಹೋದರೆ ಸಂಜೆಗೇ ಬರುವುದು. ಭಾನುವಾರ ನಿನ್ನನ್ನು ನೋಡಲು ನಿನ್ನ ತವರಿಗೆ, ಹಳ್ಳಿಮೈಸೂರಿಗೆ ಬರುವಾಗ ಮಾತ್ರ ಕ್ರಾಪು ತೀಡಿಕೊಂಡು ಹೊರಡುತ್ತಾನೆ. ಮದುವೆಯಾಗಿ ಮೂರು ವರ್ಷವಾಗುತ್ತಾ ಬಂತು, ಇನ್ನೂ ಹೆಣ್ಣು ನೋಡಲು ಹೋಗುವವನ ಹಾಗೆ ಹೊರಡುತ್ತಾನಲ್ಲ ಅಂತ ನಿನ್ನ ಮಾವ ರೇಗಿಸುತ್ತಾರೆ. ಇವತ್ತೂ ಹಾಗೇ ಹೊರಟ. ಅವನ ಕೈಯಲ್ಲೇ ಈ ಕಾಗದ ಕೊಡಬಹುದಿತ್ತು, ಕೊಡಲಿಲ್ಲ.

ಇದನ್ನು ಒಂದೂವರೆ ವರ್ಷದ ಹಿಂದೆಯೇ ಬರೆಯಬೇಕಿತ್ತು. ಫೋನಿನಲ್ಲಿ ಹೇಳೋಣವೆಂದು ಹೋದ ವಾರ ಮೂರು ಸಲ ಮಾಡಿದೆ. ಒಂದು ಸಲ ನಿಮ್ಮಮ್ಮ ಸ್ವರ್ಣಲತಾ ಎತ್ತಿದರು. ಇನ್ನೆರಡು ಸಲ ನೀನೇ ಎತ್ತಿದೆ, ನಾನು ಊಟವಾಯಿತಾ, ವಾಂತಿ ನಿಂತಿತಾ ಎಂದು ಕೇಳಿ ಇಟ್ಟುಬಿಟ್ಟೆ. ಎಸ್ಸೆಸ್ಸೆಲ್ಸಿ ಓದಿದ ಮೇಲೆ ನಾನು ಪೆನ್ನು ಹಿಡಿದದ್ದು ಸಂಘದ ಹಾಲಿನ ಪುಸ್ತಕಕ್ಕೆ ಮಾತ್ರ. ಅಕ್ಷರ ಸೊಟ್ಟಗಿದ್ದರೆ ನಿನ್ನ ಶಾಲೆಯ ಮಕ್ಕಳ ಕಾಪಿ ತಿದ್ದುವ ಹಾಗೆ ತಿದ್ದಿಕೊಂಡು ಓದು.

ಹಾಸನದ ಡಾಕ್ಟರಮ್ಮ ಹೇಳಿದ್ದನ್ನು ನೀನು ಮೊನ್ನೆ ಹೇಳಿದೆಯಲ್ಲ, ಅಂದಿನಿಂದ ನನಗೆ ಅನ್ನ ಸೇರುತ್ತಿಲ್ಲ. ಮೊದಲನೆಯ ಹೆರಿಗೆ ಯಾವ ಕಾರಣವೂ ಇಲ್ಲದೆ ಆರು ತಿಂಗಳಿಗೇ ಆಗಿಹೋದದ್ದರಿಂದ ನಿನ್ನ ಗರ್ಭಕೋಶದ ಬಾಯಿಗೆ ಬಲವಿಲ್ಲ ಎಂದು ಅವರು ತಿಳಿದಿದ್ದಾರೆ. ಅದಕ್ಕೇ ವಾರಕ್ಕೊಂದು ಹಾರ್ಮೋನ್ ಇಂಜೆಕ್ಷನ್. ಅದಕ್ಕೇ ಈ ನಾಲ್ಕನೇ ತಿಂಗಳಲ್ಲಿ ಹಾಸಿಗೆ ಬಿಟ್ಟು ಏಳಬೇಡ ಎಂದಿರುವುದು. ಅದಕ್ಕೇ ಇಪ್ಪತ್ತೆರಡನೇ ತಾರೀಕು ಆ ಬಾಯಿಗೆ ಹೊಲಿಗೆ ಹಾಕುವುದು. ಆ ದಿನಕ್ಕೆ ಮುಂಚೆ ಅವರಿಗೆ ತಿಳಿಯಲೇಬೇಕಾದ ಒಂದು ಮಾತು ನನ್ನಲ್ಲಿದೆ. ಅದನ್ನು ಹೇಳಲೆಂದೇ ಕೂತಿದ್ದೇನೆ. ಆದರೆ ಮೊದಲಿನಿಂದ ಹೇಳದೆ ಅದು ನನ್ನ ಕೈಯಿಂದ ಇಳಿಯುವುದಿಲ್ಲ.

ನೀನು ಈ ಮನೆಗೆ ಬಂದ ಎಂಟನೆಯ ದಿನವೋ ಒಂಬತ್ತನೆಯ ದಿನವೋ ಅಡುಗೆಮನೆಯಲ್ಲಿ ನಿಂತು ಕೇಳಿದ್ದು ನೆನಪಿದೆಯಾ? ನಾಟಿ ಹಸುವಿನ ಹಾಲು ಚೊಂಬಿನಲ್ಲಿ ಒಲೆಯ ಪಕ್ಕ ಇತ್ತು. ಎರಡು ಸೀಮೆ ಹಸುಗಳ ಹಾಲು ಕ್ಯಾನಿನಲ್ಲಿ ಡೈರಿಗೆ ಹೊರಟಿತ್ತು. ಕ್ಯಾನಿನಿಂದ ಒಂದು ಲೋಟ ಕಾಫಿಗೆ ಬಗ್ಗಿಸಿಕೊಳ್ಳಲು ಹೋದ ನಿನ್ನ ಕೈಯನ್ನು ನಾನು ಹಿಡಿದೆ. ಅದು ಮನೆಗಲ್ಲ, ಮನೆಗೆ ಚೊಂಬಿನದು ಎಂದೆ. ನೀನು ಸುಮ್ಮನಿರಲಿಲ್ಲ.

"ನಾವು ಕುಡಿಯೋ ಹಾಲು ಬೇರೆ, ಮಾರೋ ಹಾಲು ಬೇರೆ ಯಾಕತ್ತೆ? ಅದನ್ನ ಕುಡಿಯೋರ ಮನೇಲೂ ಮಕ್ಕಳಿರ್ತಾವಲ್ವಾ?"

ಹೊಸ ಸೊಸೆ ಇಷ್ಟು ಬೇಗ ಬಾಯಿ ಬಿಟ್ಟಳಲ್ಲ ಎಂದು ನನಗೆ ಸಿಟ್ಟು ಬಂದದ್ದು ನಿಜ. ನಮ್ಮೂರಿನಲ್ಲಿ ಸೀಮೆ ಹಸು ಕಟ್ಟಿದ ಮುಕ್ಕಾಲು ಮನೆಗಳಲ್ಲಿ ಹೀಗೇ ಇದೆ ದೀಪಾ. ಯಾರೂ ಇದನ್ನು ಮಾತಾಡಿಕೊಂಡು ಮಾಡಿದ್ದಲ್ಲ. ಒಂದು ಕೈ ಹಾಲು ಇಳಿಯಲೆಂದು ಹಸುವಿಗೆ ಸೂಜಿ ಹಾಕುತ್ತದೆ, ಇನ್ನೊಂದು ಕೈ ಮನೆಯ ಹಾಲನ್ನು ಬೇರೆ ಇಡುತ್ತದೆ.

ಸೂಜಿ ಶುರುವಾದದ್ದು ಕೆಂದಿಯ ಕರು ಸತ್ತ ವರ್ಷ. ಕರು ಮುಂದೆ ಇಲ್ಲದೆ ಅದು ಹಾಲು ಇಳಿಸುತ್ತಿರಲಿಲ್ಲ. ಕೆಚ್ಚಲು ಕಲ್ಲಿನಂತೆ ಬಿಗಿದು ನಿಂತು ಅರಚುತ್ತಿತ್ತು. ನಮ್ಮತ್ತೆಯ ಕಾಲದಲ್ಲಾದರೆ ಸತ್ತ ಕರುವಿನ ತೊಗಲಿಗೆ ಹುಲ್ಲು ತುಂಬಿ ಮುಂದೆ ನಿಲ್ಲಿಸುತ್ತಿದ್ದರು. ಹಸು ಅದನ್ನು ನೆಕ್ಕಿ ಹಾಲು ಇಳಿಸುತ್ತಿತ್ತು. ನಾನು ಮದುವೆಯಾಗಿ ಬಂದಾಗ ಅದನ್ನು ನೋಡಿ ಮೂರು ದಿನ ಹಾಲು ಮುಟ್ಟಿರಲಿಲ್ಲ, ಅಷ್ಟು ಹೇಸಿಗೆಯಾಗಿತ್ತು. ಸಿದ್ದೇಶ್ವರ ಬೈಕಿನಲ್ಲಿ ಹಿಂಡಿ, ಖನಿಜದ ಪುಡಿ ಮಾರುತ್ತಾ ಬಂದವನು ಚೀಟಿಯಿಲ್ಲದ ಬಾಟಲಿ ತೋರಿಸಿ, ಅರ್ಧ ಸಿರಿಂಜು ಚುಚ್ಚಿದರೆ ಎರಡು ನಿಮಿಷದಲ್ಲಿ ಹಾಲು ಇಳಿಯುತ್ತದೆ ಎಂದಾಗ, ತೊಗಲಿನ ಕರುವಿಗಿಂತ ಇದೇ ಮೇಲು ಅನ್ನಿಸಿತು. ಈಗ ಅನ್ನಿಸುತ್ತದೆ, ಆ ತೊಗಲು ಹಸುವೊಂದನ್ನೇ ಮೋಸ ಮಾಡುತ್ತಿತ್ತು. ಮರುವರ್ಷ ಕೆಂದಿಗೆ ಕರು ಉಳಿಯಿತು, ಆದರೂ ಸೂಜಿಯಿಲ್ಲದೆ ಅದು ಹಾಲು ಬಿಡಲಿಲ್ಲ. ಅದನ್ನು ನೋಡಿ ಇನ್ನೊಂದು ಹಸು ಬೆಳ್ಳಿಗೂ ಶುರು ಮಾಡಿದೆ, ಕರೆಯುವ ಹೊತ್ತು ಉಳಿಯುತ್ತದೆ ಅಂತ.

ನೀನು ಮೊಬೈಲಿನಲ್ಲಿ ಹುಡುಕಿ ಹುಡುಕಿ ಓದಿ ಹೇಳುತ್ತಿದ್ದೆ. ಒಂದರಲ್ಲಿ ಆ ಔಷಧಿ ಹಾಲಿನಲ್ಲಿ ಉಳಿಯುತ್ತದೆ, ಹೆಣ್ಣುಮಕ್ಕಳು ಬೇಗ ದೊಡ್ಡವರಾಗುತ್ತಾರೆ ಅಂತ ಇತ್ತು. ಇನ್ನೊಂದರಲ್ಲಿ ಹೊಟ್ಟೆಯಲ್ಲಿ ಕರಗಿಹೋಗುತ್ತದೆ, ಏನೂ ಆಗದು ಅಂತ ಇತ್ತು. ಶಾಂತಿಗ್ರಾಮದಲ್ಲಿ ನಡೆದ ಸಭೆಗೆ ನನ್ನನ್ನು ಕರೆದುಕೊಂಡು ಹೋದೆ. ದನದ ಡಾಕ್ಟರು ಕೂಡ ಗಟ್ಟಿಯಾಗಿ ಹೇಳಿದ್ದು ಹಸುವಿನ ಮೈ ಕೆಡುತ್ತದೆ, ಹೀಗೆ ಕೊಡುವುದು ಕಾನೂನಿಗೆ ವಿರೋಧ ಎಂಬುದನ್ನು. ಕುಡಿಯುವವರಿಗೆ ಏನಾಗುತ್ತದೆ ಎಂದು ನೀನು ಎದ್ದು ನಿಂತು ಕೇಳಿದಾಗ, ಇನ್ನೂ ಅಧ್ಯಯನ ಆಗಬೇಕು ಎಂದರು. ಬಸ್ಸಿನಲ್ಲಿ ಬರುವಾಗ ನೀನು ಹತ್ತಿಹಿಂಡಿಯ ಮಾತೆತ್ತಿದೆ. ಈಗಿನ ಹತ್ತಿಯೆಲ್ಲ ಕುಲಾಂತರಿ, ಅದರ ಬೀಜದ ಹಿಂಡಿಯನ್ನೇ ನಾವು ದನಕ್ಕೆ ತಿನ್ನಿಸುವುದು, ಅದರ ಬಗ್ಗೆ ಯಾರನ್ನು ಕೇಳುವುದು ಅಂತ. ನನಗೆ ತಲೆ ಧಿಮ್ ಎಂದಿತು. ಮನೆಗೆ ಬಂದು ಹೇಳಿದರೆ ನಿನ್ನ ಮಾವ ನಕ್ಕರು. "ನಿನ್ ಸೊಸೆ ಮಾತ್ ಕೇಳುದ್ರೆ ಇನ್ಮೇಲೆ ನಾವು ಉಪ್ಪು ಒಂದ್ನೇ ತಿನ್ಬೇಕಾಯ್ತದೆ ಕಣಮ್ಮಿ" ಎಂದರು.

ಆದರೆ ಮೊದಲನೆಯ ಸಲ ನಿನಗೆ ಮೂರು ತಿಂಗಳು ತುಂಬಿದ ವಾರ ನೀನು ನಗಲಿಲ್ಲ. ಕ್ಯಾನಿನ ಮುಚ್ಚಳ ತೆಗೆದು, ನನ್ನ ಕೈ ಹಿಡಿದು ಹಾಲಿನ ಮೇಲೆ ಇಟ್ಟು, ಇನ್ನು ಸೂಜಿ ಹಾಕುವುದಿಲ್ಲ ಎಂದು ಹೇಳಿ ಅಂದೆ. ಹಾಲು ಮುಟ್ಟಿ ಇಟ್ಟ ಆಣೆಗೆ ನಮ್ಮ ಮನೆಯಲ್ಲಿ ಎರಡನೇ ಮಾತಿಲ್ಲ. ನಿನ್ನ ಮಾವನ ಅಣ್ಣತಮ್ಮಂದಿರು ಹೊಲ ಪಾಲಾದಾಗ ಪತ್ರಕ್ಕಿಂತ ಹೆಚ್ಚಾಗಿ ಅದನ್ನೇ ನಂಬಿದವರು. ನಾನು ಮುಟ್ಟಿ ಹೇಳಿದೆ. ಆ ಹೊತ್ತಿನಲ್ಲಿ ನನ್ನ ಮಾತು ನಿಜವೇ ಆಗಿತ್ತು, ಅದನ್ನು ನೀನು ನಂಬಬೇಕು. ಅಡುಗೆಮನೆಯಲ್ಲೇ ಬಾಟಲಿ ಬಗ್ಗಿಸಿ ಚೆಲ್ಲಿದೆ.

ಹನ್ನೊಂದು ದಿನ ಸೂಜಿ ಮುಟ್ಟಲಿಲ್ಲ. ಆ ಹನ್ನೊಂದು ದಿನ ನೀನೂ ನೋಡಿದ್ದೀಯ. ಬಿಸಿನೀರಿನ ಬಟ್ಟೆ ಒತ್ತಿದೆ, ಕೆಚ್ಚಲು ನೀವಿದೆ, ಕರು ಬಿಟ್ಟೆ. ಕೆಂದಿ ಒಂದು ಲೋಟ ಕೊಟ್ಟು ನಿಲ್ಲಿಸುತ್ತಿತ್ತು. ಆರನೇ ದಿನಕ್ಕೆ ಬೆಳ್ಳಿಯ ಕೆಚ್ಚಲು ಬಾತುಕೊಂಡು ರಕ್ತ ಬೆರೆತ ಹಾಲು ಬಂತು. ಪಕ್ಕದ ಮನೆಯ ಅಣ್ಣಮ್ಮ ಬಂದು ನೋಡಿ, "ಊರ್ಗೂರೇ ಆಕ್ತದೆ, ನೀನೊಬ್ಳು ಬುಟ್ರೆ ಪಟ್ಣದೋರ್ಗೆ ಅಮೃತ ಸಿಕ್ಬುಡ್ತದಾ ಕಾಮಾಕ್ಷಿ?" ಎಂದಳು. ಅವಳ ಮಾತಿಗಿಂತ ಆ ಹಸುಗಳ ನರಳಾಟ ನನ್ನನ್ನು ಕೊಂದಿತು. ಹನ್ನೆರಡನೇ ದಿನ ನಾನು ಹೊಸ ಬಾಟಲಿ ತಂದೆ. ಅದರ ಮೇಲೆ ಚೀಟಿ ಇತ್ತು, ವಿಟಮಿನ್ ಎಂದು ಬರೆದಿತ್ತು, ನೀನೇ ಓದಿ ನೋಡಿದೆ. ಶಕ್ತಿ ಬಂದರೆ ತಾನಾಗಿ ಹಾಲು ಇಳಿಯುತ್ತದೆ ಎಂದು ನಾನು ಹೇಳಿದೆ. ಹಾಗೇ ಇಳಿಯಿತು.

ಕತ್ತಲಾಗುತ್ತಿದೆ. ಹಾಲು ಕರೆಯಬೇಕು, ಇಲ್ಲಿಗೆ ನಿಲ್ಲಿಸುತ್ತೇನೆ.

*

ಬುಧವಾರ

ಮೂರು ದಿನ ಈ ಕಾಗದವನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಿದ್ದೆ. ಮೂರು ದಿನವೂ ಅನ್ನಕ್ಕೆ ಅಕ್ಕಿ ತೆಗೆಯುವಾಗಲೆಲ್ಲ ಕೈಗೆ ತಾಗಿತು. ಇವತ್ತು ಮುಗಿಸದಿದ್ದರೆ ಮುಗಿಯುವುದಿಲ್ಲ.

ನಿನ್ನೆ ಬಾಗೂರಿನ ಸಂತೆಗೆ ಹೋಗಿದ್ದೆ. ನಿನಗೆ ಇಷ್ಟವೆಂದು ಸೊಪ್ಪಿನ ಕಟ್ಟಿಗೆ ಕೈ ಹಾಕಿ, ಆಮೇಲೆ ನೀನು ಇಲ್ಲಿಲ್ಲವೆಂದು ನೆನಪಾಗಿ ವಾಪಸ್ಸಿಟ್ಟೆ. ಅಲ್ಲಿ ನಮ್ಮ ದೂರದ ನೆಂಟರಾಕೆ ಮಲ್ಲಿಗಮ್ಮ ಸಿಕ್ಕಿ, ಎರಡನೇದಾದ್ರೂ ನಿಲ್ತದಾ ನಿಮ್ಮ ಸೊಸೆಗೆ ಅಂತ ಕೇಳಿದಳು. ಹೆಣ್ಣಿನ ಮೈಯಲ್ಲೇ ಏನೋ ಐಬು ಇರಬೇಕು, ಹೋಮ ಮಾಡಿಸು ಅಂತಲೂ ಹೇಳಿದಳು. ಇದು ಒಬ್ಬಳ ಮಾತಲ್ಲ. ನೀನು ತವರಿಗೆ ಹೋದಾಗಿನಿಂದ ಎಲ್ಲಿ ಹೋದರೂ ಇದೇ ಮಾತು. ಪ್ರಸನ್ನನ ಕಿವಿಗೂ ಬಿದ್ದಿದೆ. ಮೊನ್ನೆ ಊಟಕ್ಕೆ ಕೂತಾಗ, ಅವಳ ಮೈಯೇ ವೀಕು ಅಂತ ಡಾಕ್ಟ್ರೇ ಅಂದವ್ರಲ್ಲವ್ವ ಎಂದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಬೇಜಾರಿನಲ್ಲಿ ಹೇಳಿದ. ನಾನು ಸಾರು ಬಡಿಸಿದೆ.

ನೀನೂ ಹಾಗೇ ಅಂದುಕೊಂಡಿದ್ದೀಯ. ನಾನೇ ಅವತ್ತು ಕೊಟ್ಟಿಗೆಗೆ ಬರಬಾರದಿತ್ತು ಎಂದು ಎಷ್ಟು ಸಲ ಹೇಳಿಕೊಂಡು ಅತ್ತಿದ್ದೀಯ. ನಿನಗೆ ನೋವು ಶುರುವಾದ ಆ ದಿನದ ಒಂದೊಂದೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಗೌರಿ ಹಬ್ಬ ಕಳೆದು ಒಂದು ವಾರವಾಗಿತ್ತು. ನಿನ್ನ ಮಾವ ಅರಕಲಗೂಡಿಗೆ ಆಲೂಗಡ್ಡೆ ಬಿತ್ತನೆಯ ವಿಚಾರಕ್ಕೆ ಹೋಗಿದ್ದರು. ಕೆಂದಿಯ ಮೂಗುದಾರ ಹಿಡಿಯಲು ಯಾರೂ ಇರಲಿಲ್ಲ. ನೀನಾಗಿ ಬರಲಿಲ್ಲ ದೀಪಾ. ನಾನೇ ಕೂಗಿದೆ. ಅದನ್ನು ಮರೆತಿದ್ದರೆ ಈಗ ನೆನಪು ಮಾಡಿಕೋ.

ಅಷ್ಟು ಹೊತ್ತಿಗೆ ನೀನು ಸೀಮೆ ಹಸುವಿನ ಹಾಲನ್ನೇ ಕುಡಿಯುತ್ತಿದ್ದೆ. ನಾಟಿ ಹಸು ಗಬ್ಬವಾಗಿ ಹಾಲು ಬತ್ತಿಸಿತ್ತು. ಸೂಜಿ ನಿಂತ ಮೇಲೆ ಎಲ್ಲ ಹಾಲೂ ಒಂದೇ, ಮನೆಯ ಹಾಲು ಮಾರುವ ಹಾಲು ಎಂದು ಇನ್ನು ಭೇದ ಬೇಡ ಎಂದು ನೀನು ಸಂತೋಷದಿಂದ ಹೇಳಿದ್ದೆ. ಸಂಜೆ ಸಂಜೆ ದೊಡ್ಡ ಲೋಟದಲ್ಲಿ ಕುಡಿಯುತ್ತಿದ್ದೆ. ನಾನು ಪೇಟೆಯ ಹಾಲಿನ ಪುಡಿ ತರಿಸುತ್ತೇನೆ ಎಂದಾಗ, ಮನೆಯಲ್ಲಿ ಹಾಲಿಟ್ಟುಕೊಂಡು ಪುಡಿ ಯಾಕತ್ತೆ ಎಂದು ನಕ್ಕೆ.

ನಾನು ಸಿರಿಂಜಿಗೆ ಔಷಧಿ ಎಳೆದುಕೊಂಡು ಕೆಂದಿಯ ಕುತ್ತಿಗೆಯ ಹತ್ತಿರ ಹೋದೆ. ನೊಣವೋ ಏನೋ ಕಚ್ಚಿತು, ಅದು ಮೈ ಕೊಡವಿ ತಿರುಗಿತು. ನೀನು ಗೋಡೆಗೆ ಒತ್ತಿಕೊಂಡೆ, ನಾನು ನಿನ್ನ ಮೇಲೆ ಬಿದ್ದೆ, ನನ್ನ ಕೈಯಲ್ಲಿದ್ದ ಸೂಜಿ ನಿನ್ನ ತೋಳಿಗೆ ಹೋಯಿತು. ಹಸು ನಿನ್ನ ಹೊಟ್ಟೆಗೆ ತಾಗಲಿಲ್ಲ. ಇದನ್ನು ನೀನೂ ಎಲ್ಲರಿಗೂ ಹೇಳಿದ್ದೀಯ. ನಾನು ನಿನ್ನ ತೋಳು ಹಿಡಿದುಕೊಂಡೇ ಇದ್ದೆ. ನೀನು ನನ್ನನ್ನೇ ಸಮಾಧಾನ ಮಾಡಿದೆ.

"ವಿಟಮಿನ್ ತಾನೆ ಅತ್ತೆ, ನಂಗೂ ಸ್ವಲ್ಪ ಶಕ್ತಿ ಬರ್ಲಿ ಬಿಡಿ."

ಕ್ಯಾನು ಡೈರಿಗೆ ಹೋಗಿ ಬರುವಷ್ಟರಲ್ಲಿ ನಿನಗೆ ನೋವು ಶುರುವಾಗಿತ್ತು. ಮುಂದಿನದನ್ನು ನಾನು ಬರೆಯುವುದಿಲ್ಲ. ಹಾಸನದಲ್ಲಿ ಎರಡು ದಿನ ಆ ಗಾಜಿನ ಪೆಟ್ಟಿಗೆಯಲ್ಲಿ ಅಂಗೈಯಗಲದ ಎದೆ ಏರಿ ಇಳಿಯುವುದನ್ನು ಹೊರಗಿನಿಂದ ನೋಡಿದವಳು ನಾನು. ನಿನಗೆ ಎದ್ದು ಬರಲು ಆಗಿರಲಿಲ್ಲ. ಹೆಣ್ಣು ಮಗು, ಮೂಗು ನಿನ್ನದೇ.

ಈಗ ಹೊಟ್ಟೆಯಲ್ಲಿರುವುದು ಉಳಿಯಲಿ. ತಿಂಗಳು ತುಂಬಿ ಸುಖವಾಗಿ ಹೆತ್ತು ಬಾ ತಾಯಿ. ಹೆಣ್ಣಾಗಲಿ ಗಂಡಾಗಲಿ, ಕಣ್ಣು ಬಿಟ್ಟು ಅಳಲಿ. ಅಮ್ಮನಿಗೆ ನನ್ನ ನಮಸ್ಕಾರ ಹೇಳು. ಬೆನ್ನು ನೋವಿದ್ದರೆ ಎಡಕ್ಕೆ ಮಲಗು. ನಾವು ನಂಬಿದ ದೇವರೆಲ್ಲ ನಿನ್ನ ಕಾಯಲಿ.

ಇಂತಿ,
ನಿನ್ನ ಅತ್ತೆ
ಕಾಮಾಕ್ಷಮ್ಮ

ತಾ.ಕ.: ಸಹಿ ಹಾಕಿ, ಮಡಿಚಿ, ಲಕೋಟೆಗೆ ಹಾಕಿದ್ದೆ. ಬೆಳಿಗ್ಗೆ ಎದ್ದು ಮತ್ತೆ ಬಿಚ್ಚಿದ್ದೇನೆ. ಇಷ್ಟುದ್ದ ಬರೆದು, ಹೇಳಬೇಕಾದ್ದನ್ನು ಬಿಟ್ಟಿದ್ದೇನೆ.

ಆ ಬಾಟಲಿಯಲ್ಲಿದ್ದದ್ದು ವಿಟಮಿನ್ ಅಲ್ಲ. ಹನ್ನೆರಡನೇ ದಿನ ನಾನು ವಿಟಮಿನ್ ಬಾಟಲಿ ತಂದದ್ದು ನಿಜ. ಅದನ್ನು ಚರಂಡಿಗೆ ಬಗ್ಗಿಸಿ, ಸಿದ್ದೇಶ್ವರನಿಂದ ತಂದದ್ದನ್ನು ಅದರೊಳಕ್ಕೆ ತುಂಬಿದೆ. ನೀನು ಚೀಟಿ ಓದುತ್ತೀಯ ಎಂದು ನನಗೆ ಗೊತ್ತಿತ್ತು. ಹಸುಗಳ ನರಳಾಟ ನಿಲ್ಲಲಿ, ನಿನ್ನ ಮನಸ್ಸಿಗೂ ನೆಮ್ಮದಿಯಿರಲಿ, ಮನೆಯಲ್ಲಿ ಜಗಳ ಬೇಡ, ಇಷ್ಟೇ ನಾನು ಯೋಚಿಸಿದ್ದು. ನೀನು ಸಂಜೆ ಲೋಟ ಎತ್ತಿದಾಗಲೆಲ್ಲ ನಾನು ಏನಾದರೂ ನೆವ ಮಾಡಿ ಹೊರಗೆ ಹೋಗುತ್ತಿದ್ದೆ.

ಸೂಜಿ ನಿನ್ನ ತೋಳಿಗೆ ಹೋದಾಗ ನನ್ನ ಹೆಬ್ಬೆರಳು ಸಿರಿಂಜಿನ ಹಿಂದೆ ಇತ್ತು. ಬಿದ್ದ ರಭಸಕ್ಕೆ ಒತ್ತಿತು. ಕೆಳಗಿನಿಂದ ಎತ್ತಿಕೊಂಡಾಗ ಅದು ಖಾಲಿಯಾಗಿತ್ತು. ಹಸುವಿಗೆ ನಾನು ಇನ್ನೂ ಕೊಟ್ಟಿರಲಿಲ್ಲ. ಶಾಂತಿಗ್ರಾಮದ ಸಭೆಯಲ್ಲಿ ನೀನು ನೀರು ಕುಡಿಯಲು ಎದ್ದು ಹೋಗಿದ್ದಾಗ ಆ ಡಾಕ್ಟರು ಇನ್ನೊಂದು ಮಾತು ಹೇಳಿದ್ದರು. ಆಸ್ಪತ್ರೆಯಲ್ಲಿ ಹೆರಿಗೆ ನೋವು ಬರಿಸುವುದಕ್ಕೆ ಕೊಡುವುದೂ ಇದೇ ಔಷಧಿ, ಬಸುರಿಯರು ಇದರ ಹತ್ತಿರ ಹೋಗಬಾರದು ಎಂದು. ಅದನ್ನು ಕೇಳಿಸಿಕೊಂಡಿದ್ದ ನಾನೇ ಆಮೇಲೆ ನಿನ್ನನ್ನು ಕೊಟ್ಟಿಗೆಗೆ ಕೂಗಿದೆ.

ಹಾಸನದಲ್ಲಿ ಡಾಕ್ಟರಮ್ಮ ನಿನ್ನನ್ನು ಕೇಳಿದರು, ಏನಾದರೂ ಮಾತ್ರೆ ತೆಗೆದುಕೊಂಡೆಯಾ, ಇಂಜೆಕ್ಷನ್ ಆಯಿತಾ ಅಂತ. ಹಸುವಿನ ವಿಟಮಿನ್ ಸೂಜಿ ಸ್ವಲ್ಪ ತಾಗಿತು ಎಂದೆ ನೀನು. ಅವರು ನನ್ನ ಕಡೆ ತಿರುಗಿ, ವಿಟಮಿನ್ನೇನಾ ಅಮ್ಮ ಎಂದರು. ನಾನು ತಲೆಯಾಡಿಸಿದೆ. ಅವರು ಬರೆದುಕೊಂಡರು. ಆ ಬರಹವನ್ನೇ ನಂಬಿಕೊಂಡು ಈಗ ನಿನಗೆ ಸೂಜಿ ಹಾಕುತ್ತಿದ್ದಾರೆ.

ಮಗು ಹೋದದ್ದು ಅದರಿಂದಲೇ ಎಂದು ನನಗೆ ಗೊತ್ತಿಲ್ಲ. ಅಲ್ಲ ಎಂದೂ ಗೊತ್ತಿಲ್ಲ. ಇಷ್ಟು ದಿನದ ಮೇಲೆ ಅವರಿಗಾದರೂ ಗೊತ್ತಾಗುತ್ತದೋ ಇಲ್ಲವೋ. ಇಂಜೆಕ್ಷನ್ ನಿಲ್ಲಿಸು, ಹೊಲಿಗೆ ಬೇಡ ಎಂದು ನಾನು ಹೇಳುವುದಿಲ್ಲ, ಆ ಯೋಗ್ಯತೆ ನನಗಿಲ್ಲ. ಈ ಕಾಗದವನ್ನು ಹಾಗೇ ಅವರ ಕೈಗೆ ಕೊಡು, ಅವರು ನೋಡಿ ಹೇಳಲಿ. ಪ್ರಸನ್ನನಿಗೆ ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು. ಅವನು ನನ್ನ ಮುಖ ನೋಡದೆ ಹೋದರೂ ನಿನ್ನ ಮೈಯಲ್ಲಿ ಐಬು ಇದೆ ಅಂದುಕೊಂಡು ಬದುಕಬಾರದು.

ರಿಜಿಸ್ಟರ್ ಮಾಡಿಸಲು ಬಾಗೂರಿಗೆ ಹೊರಟಿದ್ದೇನೆ. ಇವತ್ತು ಬೆಳಿಗ್ಗೆಯೂ ಎರಡು ಹಸುಗಳಿಗೂ ಸೂಜಿ ಹಾಕಿಯೇ ಕರೆದೆ. ಬಿಡೋಣವೆಂದು ಸಿರಿಂಜು ಕೆಳಗಿಟ್ಟಿದ್ದೆ, ಕೆಂದಿ ಅರಚತೊಡಗಿತು. ಹಾಲು ಡೈರಿಗೆ ಹೋಗಿದೆ.